ಶಬ್ದದ ನಿತ್ಯತೆ ಮತ್ತು ಧ್ವನಿಭಂಡಾರ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಆಡಿದ ಮಾತು ಉಳಿದಿದೆ, ಆಡಿದ ದನಿ ಉಳಿದಿಲ್ಲ. ತಾಳೆಗರಿಯ ಕಟ್ಟುಗಳು, ಹದಿನೈದನೆಯ ಶತಮಾನದ ಶೂನ್ಯಸಂಪಾದನೆ, 1923ರಲ್ಲಿ ಫ.ಗು. ಹಳಕಟ್ಟಿಯವರು ಹೊರತಂದ ವಚನಶಾಸ್ತ್ರಸಾರ, ಹೀಗೆ ಕೈಯಿಂದ ಕೈಗೆ ದಾಟಿ ಪಠ್ಯ ನಮ್ಮವರೆಗೆ ಬಂದಿತು. ಬಸವಣ್ಣನವರ ಕಂಠ ಗಡುಸೋ ಮೆದುವೋ, ಅಕ್ಕಮಹಾದೇವಿ ಎಲ್ಲಿ ಉಸಿರು ತಡೆಯುತ್ತಿದ್ದಳು, ಅಲ್ಲಮ ಎರಡು ಮಾತಿನ ನಡುವೆ ಎಷ್ಟು ಹೊತ್ತು ಸುಮ್ಮನಿರುತ್ತಿದ್ದ ಎಂಬುದನ್ನು ತಿಳಿಯುವ ದಾರಿಯೇ ಇಲ್ಲ. ಮಲ್ಲಿಕಾರ್ಜುನ ಮನ್ಸೂರರ, ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ಕಂಠದಲ್ಲಿ ಕೇಳುವ ವಚನಗಾಯನ ಇಪ್ಪತ್ತನೆಯ ಶತಮಾನದ ಹಿಂದೂಸ್ತಾನಿ ಸಂಗೀತ ಕೊಟ್ಟ ರೂಪ. ವೇದದ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಬರವಣಿಗೆಯನ್ನು ನಂಬಲಿಲ್ಲ, ಸ್ವರಸಹಿತವಾದ ಉಚ್ಚಾರಣೆಯನ್ನೇ ತಲೆಮಾರುಗಳು ಹೊತ್ತು ತಂದವು.

1877ರಲ್ಲಿ ಥಾಮಸ್ ಎಡಿಸನ್ ಫೋನೋಗ್ರಾಫ್ ರೂಪಿಸುವವರೆಗೆ ಒಬ್ಬನ ದನಿಯನ್ನು ಅವನಿಂದ ಬಿಡಿಸಿ ಇಟ್ಟು, ಬೇಕಾದಾಗ ಮತ್ತೆ ಕೇಳುವ ಉಪಾಯ ಮನುಷ್ಯನಿಗೆ ಸಿಕ್ಕಿರಲಿಲ್ಲ. ಭಾರತದಲ್ಲಿ ಅದು ದೊಡ್ಡ ವ್ಯಾಪಾರವಾಗಿ ಬೇರುಬಿಟ್ಟದ್ದು 1902ರ ನವೆಂಬರಿನಿಂದ ಈಚೆಗೆ, ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮುಂತಾದವರ ಗಾಯನವನ್ನು ಮುದ್ರಿಸಿಕೊಂಡ ಮೇಲೆ. ಅಲ್ಲಿಂದ ಶತಮಾನದುದ್ದಕ್ಕೂ ಅರಗಿನ ತಟ್ಟೆ, ರೀಲು, ಕ್ಯಾಸೆಟ್ ಎಂದು ದನಿ ಕೂಡುತ್ತ ಬಂತು. ಈಗ ಇವೆಲ್ಲ ಒಟ್ಟಿಗೇ ಮುಪ್ಪಾಗಿವೆ; ಅವನ್ನು ಡಿಜಿಟಲ್ ಕಡತಗಳಾಗಿ ಮಾರ್ಪಡಿಸುವ ಕೆಲಸ ಜಗತ್ತಿನ ಎಲ್ಲೆಡೆ ನಡೆಯುತ್ತಿದೆ. ಇದನ್ನು ಯಂತ್ರಗಳ ವಿಷಯವೆಂದು ತಜ್ಞರಿಗೆ ಬಿಟ್ಟುಬಿಡುವುದು ರೂಢಿ. ಆದರೆ ಕೆಲಸದ ಬುಡದಲ್ಲಿರುವುದು ತತ್ತ್ವದ ಪ್ರಶ್ನೆ: ದನಿ ಉಳಿಯಿತು ಎಂದಾಗ ಉಳಿದದ್ದು ಏನು? ಯಂತ್ರ ಹುಟ್ಟುವ ಎಷ್ಟೋ ಶತಮಾನ ಮೊದಲೇ ಭಾರತದ ದರ್ಶನಗಳು ಇದನ್ನು ಹಿಡಿದು ಜಗಳವಾಡಿವೆ.

ನೈಯಾಯಿಕರ ಪ್ರಕಾರ ಶಬ್ದ ಆಕಾಶದ ಗುಣ. ಅದು ಹುಟ್ಟುತ್ತದೆ, ಒಂದು ಶಬ್ದ ಮುಂದಿನದನ್ನು, ಅದು ಅದರ ಮುಂದಿನದನ್ನು ಹುಟ್ಟಿಸುತ್ತ ಅಲೆಅಲೆಯಾಗಿ ಕಿವಿ ಮುಟ್ಟುತ್ತದೆ, ಮುಟ್ಟಿದ್ದೇ ಅಳಿಯುತ್ತದೆ. ಶಬ್ದ ಅನಿತ್ಯ. ಮೀಮಾಂಸಕರಿಗೆ ಇದು ಒಪ್ಪಿಗೆಯಿಲ್ಲ. ವೇದ ಯಾರೂ ರಚಿಸಿದ್ದಲ್ಲ ಎಂಬ ಅವರ ನಿಲುವಿಗೆ ಶಬ್ದದ ನಿತ್ಯತೆಯೇ ಆಧಾರಕಂಬ. ಆದ್ದರಿಂದ ಅವರ ಮೂಲಗ್ರಂಥವಾದ ಜೈಮಿನಿಯ ಸೂತ್ರಗಳು ಮೊದಲ ಅಧ್ಯಾಯದ ಮೊದಲ ಪಾದದಲ್ಲೇ ಈ ವಾದವನ್ನು ಎತ್ತಿಕೊಳ್ಳುತ್ತವೆ. ಉಚ್ಚಾರಣೆ ಶಬ್ದವನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಪ್ರಕಟಿಸುತ್ತದೆ. ಇಂದು ಕೇಳಿದ ಪದವನ್ನು ನಾಳೆ ಬೇರೊಬ್ಬನ ಬಾಯಲ್ಲಿ ಕೇಳಿದಾಗಲೂ ಕೇಳುಗ ‘ಇದು ಅದೇ’ ಎಂದು ಗುರುತಿಸುತ್ತಾನೆ. ಈ ಪ್ರತ್ಯಭಿಜ್ಞೆಯೇ ಅವರ ಬಲವಾದ ಪ್ರಮಾಣ.

ಧ್ವನಿಭಂಡಾರದ ಕಪಾಟಿನ ಮುಂದೆ ನಿಂತವರಿಗೆ ಎರಡು ಪಕ್ಷಗಳೂ ಸರಿ ಎನಿಸುತ್ತವೆ. ಕಪಾಟಿನಲ್ಲಿ ಶಬ್ದವೇ ಇಲ್ಲ. ತಟ್ಟೆಯಲ್ಲಿರುವುದು ಓರೆಕೋರೆಯಾದ ಗೀರು, ಟೇಪಿನಲ್ಲಿರುವುದು ಕಾಂತಗೊಂಡ ಕಬ್ಬಿಣದ ಆಕ್ಸೈಡಿನ ಕಣ, ಡಿಸ್ಕಿನಲ್ಲಿರುವುದು ಸೊನ್ನೆ ಒಂದುಗಳ ಸಾಲು. ನುಡಿಸಿದಾಗ ಮಾತ್ರ ಅದು ಶಬ್ದವಾಗಿ ಪ್ರಕಟವಾಗುತ್ತದೆ. ಇಲ್ಲಿ ಮೀಮಾಂಸಕ ಗೆಲ್ಲುತ್ತಾನೆ. ಆ ಗೀರು, ಕಣ, ಸಾಲುಗಳೆಲ್ಲ ನಶಿಸುತ್ತವೆ, ಇಲ್ಲಿ ನೈಯಾಯಿಕ.

ನಾಶದ ಬಗೆಗಳನ್ನು ನೋಡಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆ ಅರಗಿನಿಂದ ಆದದ್ದು. ಮರದ ಕೊಂಬೆಗಳಲ್ಲಿ ಅರಗಿನ ಹುಳು ಕಟ್ಟುವ ಈ ಪದಾರ್ಥವನ್ನು ಜಗತ್ತಿಗೆ ಹೆಚ್ಚಾಗಿ ಪೂರೈಸುತ್ತಿದ್ದುದು ಭಾರತದ ಕಾಡುಗಳೇ. ಅದಕ್ಕೆ ಕಲ್ಲಿನ ಪುಡಿ ಬೆರೆಸಿ ಗಟ್ಟಿ ಮಾಡುತ್ತಿದ್ದರು. ಬಿದ್ದರೆ ಒಡೆಯುತ್ತದೆ, ಉಕ್ಕಿನ ಮುಳ್ಳಿನಲ್ಲಿ ನುಡಿಸಿದಷ್ಟು ಸಲವೂ ಗೀರು ಸವೆಯುತ್ತದೆ. ಹೆಚ್ಚು ಪ್ರೀತಿಯಿಂದ ಕೇಳಿದ ತಟ್ಟೆಯೇ ಹೆಚ್ಚು ಹಾಳಾಗಿರುತ್ತದೆ. ಅಸಿಟೇಟಿನ ಟೇಪು ಕೊಳೆಯತೊಡಗಿದರೆ ಡಬ್ಬಿ ತೆರೆದೊಡನೆ ವಿನೆಗರಿನ ವಾಸನೆ ಬರುತ್ತದೆ. 1970, 80ರ ದಶಕಗಳ ಕೆಲವು ಪಾಲಿಯೆಸ್ಟರ್ ಟೇಪುಗಳಲ್ಲಿ ಆಕ್ಸೈಡನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಅಂಥದನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಸ್ವಲ್ಪ ಕಾಲ ನುಡಿಸುವಷ್ಟು ಸುಧಾರಿಸುತ್ತದೆ. ಆ ಅವಕಾಶದಲ್ಲೇ ನಕಲು ಮುಗಿಯಬೇಕು. ಕರಾವಳಿಯ ಮಳೆಗಾಲದಲ್ಲಿ ಬೂಸ್ಟು ಬೇರೆ. ಟೇಪು ಚೆನ್ನಾಗಿದ್ದರೂ ಅದನ್ನು ನುಡಿಸುವ ಯಂತ್ರ, ಬಿಡಿಭಾಗ, ದುರಸ್ತಿ ಬಲ್ಲ ಕೈಗಳು ಮರೆಯಾಗುತ್ತಿವೆ. 2019ರಲ್ಲಿ ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಧ್ವನಿ–ದೃಶ್ಯ ಸಂಗ್ರಹಾಲಯಗಳ ಸಂಘ ಸೇರಿ ಹೊರಡಿಸಿದ ಎಚ್ಚರಿಕೆ, 2025ರ ಸುಮಾರಿಗೆ ಈ ಕಾರಣದಿಂದಲೇ ಟೇಪುಗಳು ಬಾಯಿ ಕಳೆದುಕೊಳ್ಳಬಹುದು ಎಂದಿತು.

ಒಂದು ತಟ್ಟೆಯನ್ನು ಡಿಜಿಟಲ್ ಮಾಡುವ ಕ್ರಮದಲ್ಲಿ ತೀರ್ಮಾನಗಳೇ ಹೆಚ್ಚು. ಮೊದಲು ತೊಳೆಯಬೇಕು. ಮದ್ಯಸಾರ ಅರಗನ್ನು ಕರಗಿಸುವುದರಿಂದ ಅದನ್ನು ಸೋಕಿಸದೆ, ಬಟ್ಟಿ ಇಳಿಸಿದ ನೀರಿಗೆ ಸೌಮ್ಯವಾದ ಮಾರ್ಜಕ ಬೆರೆಸಿ, ಮೆತ್ತನೆಯ ಕುಂಚದಿಂದ ಗೀರಿನ ದಿಕ್ಕಿನಲ್ಲೇ ಒರೆಸಬೇಕು. ಬಳಿಕ ಮುಳ್ಳಿನ ಆಯ್ಕೆ. ಹಿಂದಿನ ಉಕ್ಕಿನ ಮುಳ್ಳು ಸವೆಸಿದ ಎತ್ತರವನ್ನು ಬಿಟ್ಟು ಗೀರಿನ ಗೋಡೆಯ ಇನ್ನೂ ಹಸನಾಗಿರುವ ಭಾಗ ಹಿಡಿಯುವಂತೆ ಕೊಂಚ ದಪ್ಪದ್ದೋ ತೆಳುವಾದದ್ದೋ ತುದಿಯನ್ನು ಹಾಕಿ ನೋಡುತ್ತಾರೆ. ಆಮೇಲೆ ವೇಗ. 78 ಎಂಬುದು ಆರಂಭದ ದಶಕಗಳಲ್ಲಿ ಬರಿಯ ಹೆಸರು. ನಿಜವಾದ ಸುತ್ತು ಅದಕ್ಕಿಂತ ಹೆಚ್ಚು ಕಡಿಮೆ ಇರುತ್ತಿತ್ತು. ನಿಮಿಷಕ್ಕೆ ಎಪ್ಪತ್ತನಾಲ್ಕರ ಹತ್ತಿರ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಷಡ್ಜವೇ ಒಂದು ಸ್ವರಸ್ಥಾನ ಮೇಲೇರಿ, ಗಂಭೀರ ಕಂಠ ಎಳೆಯದಾಗಿ ಕೇಳುತ್ತದೆ.

ವೇಗದ ತಪ್ಪು ಎಂಥ ಭ್ರಮೆ ಹುಟ್ಟಿಸಬಲ್ಲುದು ಎಂಬುದಕ್ಕೆ ಎಡ್ವಾರ್ಡ್ ಲಿಯೋನ್ ಸ್ಕಾಟ್‌ನ ನಿದರ್ಶನವಿದೆ. ಪ್ಯಾರಿಸ್ಸಿನ ಈತ 1860ರಲ್ಲಿ ಮಸಿ ಹಿಡಿಸಿದ ಕಾಗದದ ಮೇಲೆ ಒಂದು ಜನಪದ ಹಾಡಿನ ಕಂಪನಗಳನ್ನು ಗೆರೆಯಾಗಿ ಬರೆಸಿದ. ಕಣ್ಣಿಂದ ನೋಡುವುದಕ್ಕೆಂದೇ ಬರೆಸಿದ್ದು. ಅದು ಮತ್ತೆ ಕೇಳೀತು ಎಂಬ ಕಲ್ಪನೆ ಅವನಿಗಿರಲಿಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಆ ಗೆರೆಯನ್ನು ಬೆಳಕಿನ ನೆರವಿನಿಂದ ಓದಿ ಶಬ್ದವಾಗಿಸಿದರು. ಕೇಳಿದವರು ಹೆಣ್ಣುಮಗಳದೋ ಮಗುವಿನದೋ ದನಿ ಎಂದುಕೊಂಡರು. ಮರುವರ್ಷ ವೇಗ ತಿದ್ದಿದಾಗ ಅದು ನಿಧಾನವಾಗಿ ಹಾಡುತ್ತಿರುವ ಗಂಡಸಿನ ಕಂಠ, ಬಹುಶಃ ಸ್ಕಾಟ್‌ನದೇ, ಎಂದು ತೋರಿತು. ನೂರ ನಲವತ್ತೆಂಟು ವರ್ಷ ಯಾರಿಗೂ ಕೇಳದೆ ಇದ್ದ ಆ ಹಾಡು ಅಷ್ಟು ಕಾಲ ‘ಇತ್ತು’ ಎನ್ನಬಹುದೇ? ಜೈಮಿನಿಯ ಕಡೆಯವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು.

ನಕಲು ಮೂಲದಷ್ಟೇ ಸಾಚಾ ಎಂದು ನಂಬುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ವೇದಪಾಠಿಗಳು ಇದಕ್ಕೆ ಕಂಡುಕೊಂಡ ಉತ್ತರ ಬೆರಗು ಹುಟ್ಟಿಸುತ್ತದೆ. ಸಂಹಿತೆ, ಪದ, ಕ್ರಮ ಎಂಬ ಮೂರು ಪ್ರಕೃತಿ ಪಾಠಗಳ ಮೇಲೆ ಜಟೆಯಿಂದ ಘನದವರೆಗೆ ಎಂಟು ವಿಕೃತಿ ಪಾಠಗಳನ್ನು ಕಟ್ಟಿದರು. ಘನಪಾಠದಲ್ಲಿ ಮೊದಲ ಎರಡು ಪದ ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಬಂದು ಮೂರನೆಯದನ್ನು ಕೂಡಿಸಿಕೊಂಡು, ಮೂರೂ ತಿರುಗುಮುರುಗಾಗಿ, ಮತ್ತೊಮ್ಮೆ ನೆಟ್ಟಗೆ ಬರುತ್ತವೆ. ಅರ್ಥಕ್ಕೆ ಇದರಿಂದ ಏನೂ ಲಾಭವಿಲ್ಲ. ಒಂದು ಅಕ್ಷರ ಜಾರಿದರೂ ಹೆಣಿಗೆ ಸಿಕ್ಕಾಗಿ ತಪ್ಪು ಸಿಕ್ಕಿಬೀಳುತ್ತದೆ, ಅಷ್ಟೇ. ಇದೇ ಉದ್ದೇಶಕ್ಕೆ ಡಿಜಿಟಲ್ ಭಂಡಾರ ಪ್ರತಿ ಕಡತದಿಂದಲೂ ಗಣಿತದ ಸೂತ್ರವೊಂದರ ಮೂಲಕ ಒಂದು ಸಂಖ್ಯೆಯನ್ನು ಹೊರಡಿಸಿ ಬರೆದಿಡುತ್ತದೆ. ಕಾಲಕಾಲಕ್ಕೆ ಮತ್ತೆ ಲೆಕ್ಕ ಹಾಕಿ ತಾಳೆ ನೋಡುತ್ತದೆ. ಒಂದೇ ಒಂದು ಸೊನ್ನೆ ಒಂದಾಗಿದ್ದರೂ ಸಂಖ್ಯೆ ಬೇರೆಯಾಗುತ್ತದೆ. ಅರ್ಥದ ಗೊಡವೆಗೆ ಹೋಗದೆ ರೂಪವನ್ನು ಕಾಯುವ ಈ ನಿಷ್ಠುರತೆ ಎರಡಕ್ಕೂ ಸಮಾನ.

ಇನ್ನೊಂದು ಸಾಮ್ಯ ಇದಕ್ಕಿಂತ ಮುಖ್ಯ. ಒಂದು ಗಂಟೆಯ ಸ್ಟೀರಿಯೊ ಮುದ್ರಣ ಸಂಗ್ರಹಾಲಯಗಳು ಮೆಚ್ಚುವ 96 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಸುಮಾರು 2 ಜಿಬಿ ಜಾಗ ತುಂಬುತ್ತದೆ. ಅದನ್ನು ಡಿಸ್ಕಿಗೆ ಹಾಕಿಟ್ಟು ಬೀಗ ಜಡಿದರೆ ರಕ್ಷಣೆಯಾಗಲಿಲ್ಲ. ಡಿಸ್ಕು ಕೆಲವೇ ವರ್ಷದ್ದು. ಹಳೆಯದರಿಂದ ಹೊಸದಕ್ಕೆ, ಬಳಕೆ ತಪ್ಪಿದ ನಮೂನೆಯಿಂದ ಚಾಲ್ತಿಯ ನಮೂನೆಗೆ ಕಡತ ಮತ್ತೆ ಮತ್ತೆ ದಾಟುತ್ತಲೇ ಇರಬೇಕು. ಶಿಲಾಶಾಸನ ಯಾರೂ ಓದದಿದ್ದರೂ ಸಾವಿರ ವರ್ಷ ನಿಲ್ಲುತ್ತದೆ. ಡಿಜಿಟಲ್ ದನಿ ಹಾಗಲ್ಲ, ಒಂದು ತಲೆಮಾರು ಅಸಡ್ಡೆ ಮಾಡಿದರೆ ಮುಗಿಯಿತು. ಅತ್ಯಾಧುನಿಕವಾದ ಈ ರಕ್ಷಣೆ ಸ್ವಭಾವದಲ್ಲಿ ಗುರುಶಿಷ್ಯ ಪರಂಪರೆಗೇ ಹತ್ತಿರ. ಖಜಾನೆ ಕಟ್ಟಿದರೆ ಸಾಲದು, ವಾರಸುದಾರರನ್ನು ತಯಾರು ಮಾಡಬೇಕು.

ಇಷ್ಟಾಗಿ ಪರಂಪರೆ ಕಾಯುವುದೂ ಧ್ವನಿಭಂಡಾರ ಕಾಯುವುದೂ ಒಂದೇ ವಸ್ತುವಲ್ಲ. ವಾಕ್ಯಪದೀಯದ ಭರ್ತೃಹರಿ ಧ್ವನಿಯಲ್ಲಿ ಎರಡು ಬಗೆ ಹೇಳುತ್ತಾನೆ. ಪದದ ತಿರುಳನ್ನು, ಅಂದರೆ ಅವನು ಸ್ಫೋಟ ಎನ್ನುವುದನ್ನು, ಬೆಳಗಿಸುವುದು ಪ್ರಾಕೃತ ಧ್ವನಿ. ಬೇಗ, ನಿಧಾನ ಎಂಬ ಉಚ್ಚಾರಣೆಯ ಭೇದಗಳು ವೈಕೃತ ಧ್ವನಿಗೆ ಸೇರಿದ್ದು; ಅವು ಸ್ಫೋಟವನ್ನು ಮುಟ್ಟುವುದಿಲ್ಲ. ವ್ಯಾಕರಣದ ಪಾಲಿಗೆ ಅದು ಸಿಪ್ಪೆ. ಧ್ವನಿಮುದ್ರಿಕೆ ಜತನದಿಂದ ಹಿಡಿದಿಡುವುದು ಆ ಸಿಪ್ಪೆಯನ್ನೇ: ಕೆಮ್ಮು, ಏದುಸಿರು, ಊರಿನ ರಾಗ, ಪಕ್ಕದಲ್ಲಿ ಅಳುವ ಮಗು. ಗ್ರಂಥವುಳ್ಳವರು ಅದಿಲ್ಲದೆಯೂ ಬದುಕಬಲ್ಲರು. ಓಲೆಗರಿ, ಅಚ್ಚು, ಮಠ, ಪಾಠಶಾಲೆಗಳ ಹೊರಗೆ ಉಳಿದ ಸಮುದಾಯಗಳಿಗೆ ದನಿಯೇ ಗ್ರಂಥ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ, ಮಾದೇಶ್ವರನ ಕಥೆ ಹೇಳುವ ದೇವರಗುಡ್ಡರ, ಪಾಡ್ದನವೆಂಬ ಕಥನಗೀತೆ ಹಾಡುವ ತುಳುನಾಡಿನ ಹೆಂಗಸರ ಧರ್ಮಶಾಸ್ತ್ರ, ಇತಿಹಾಸ, ಕಾವ್ಯ ಎಲ್ಲವೂ ಅಲ್ಲಿದೆ. ವ್ಯಾಕರಣ ಬದಿಗಿಟ್ಟದ್ದಕ್ಕೆ ಬೆಲೆ ಕೊಟ್ಟದ್ದು ಧ್ವನಿಭಂಡಾರದ ನೈತಿಕ ಸಾಧನೆ.

ಯಾರ ದನಿ ಭಂಡಾರ ಸೇರಿತು, ಯಾರದು ಸೇರಲಿಲ್ಲ ಎಂಬುದರ ಹಿಂದೆ ಆಡಳಿತದ ಗಡಿಗಳೂ ಇವೆ. ಜಾರ್ಜ್ ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯ ಅಂಗವಾಗಿ 1913ರಿಂದ 1929ರ ನಡುವೆ ಇನ್ನೂರಕ್ಕೂ ಹೆಚ್ಚು ಮಾತಿನ ಮಾದರಿಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿದರು. ಇಂದು ಅವು ಡಿಜಿಟಲ್ ರೂಪದಲ್ಲಿ ಕೇಳಸಿಗುತ್ತವೆ. ಸಮೀಕ್ಷೆ ಗೊತ್ತುಮಾಡಿದ ಪಠ್ಯ ಬೈಬಲ್ಲಿನ ದುಂದುಗಾರ ಮಗನ ಸಾಮತಿ. ಎಲ್ಲ ಭಾಷೆಯವರೂ ಒಂದೇ ಕಥೆ ಹೇಳಿದರೆ ಹೋಲಿಕೆ ಸುಲಭ ಎಂಬುದು ಕಾರಣ. ಹೀಗೆ ಒಬ್ಬ ರೈತನ ನುಡಿ ಉಳಿಯಿತು, ಅವನು ತಾನಾಗಿ ಏನು ನುಡಿಯುತ್ತಿದ್ದ ಎಂಬುದು ಆ ಕಥೆಯಲ್ಲಿ ಉಳಿಯಲಿಲ್ಲ. ಸಮೀಕ್ಷೆಯ ಮೂಲ ಯೋಜನೆಯಿಂದ ಮದರಾಸು ಪ್ರಾಂತ್ಯ, ಹೈದರಾಬಾದು, ಮೈಸೂರು ಸಂಸ್ಥಾನಗಳನ್ನು ಕೈಬಿಟ್ಟಿದ್ದರು. ಅಂದರೆ ಕನ್ನಡ ನೆಲದ ಬಹುಭಾಗ ಹೊರಗೇ ಉಳಿಯಿತು.

ಹೈದರಾಬಾದಿನ ಕನ್ನಡದ ವಿಷಯದಲ್ಲಿ ಈ ಮೌನ ಇನ್ನೂ ದಟ್ಟ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ನಿಜಾಮರ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರವರೆಗೆ ಹೈದರಾಬಾದೇ ಅವುಗಳ ರಾಜಧಾನಿ. ನಿಜಾಮರ ಡೆಕ್ಕನ್ ರೇಡಿಯೊ ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡಗಳಲ್ಲೂ ಕಾರ್ಯಕ್ರಮ ಕೊಡುತ್ತಿತ್ತು. 1950ರಲ್ಲಿ ಅದು ಆಕಾಶವಾಣಿಯೊಳಗೆ ಸೇರಿತು. ಟೇಪು ಬರುವ ಮುಂಚಿನ ರೇಡಿಯೊ ಬಹುಮಟ್ಟಿಗೆ ನೇರ ಪ್ರಸಾರ. ಆಡಿದ್ದು ಗಾಳಿಗೆ ಹೋಯಿತು. ಇಂದು ಅದೇ ನಗರದ ಪಶ್ಚಿಮಕ್ಕೆ, 1998ರಲ್ಲಿ ಸೈಬರ್ ಟವರ್ಸ್ ಎಂಬ ಮಾಹಿತಿ ತಂತ್ರಜ್ಞಾನದ ಕಟ್ಟಡ ತೆರೆದಂದಿನಿಂದ ಚಹರೆಯೇ ಬದಲಾದ ಮಾದಾಪುರದಲ್ಲಿ, ಅದೇ ಕನ್ನಡ ಜಿಲ್ಲೆಗಳಿಂದ ಬಂದ ತರುಣ ತರುಣಿಯರು ಜಗತ್ತಿನ ಬ್ಯಾಂಕು, ಆಸ್ಪತ್ರೆ, ಅಂಗಡಿಗಳ ದತ್ತಾಂಶ ಕಾಯುವ ಕೆಲಸದಲ್ಲಿದ್ದಾರೆ. ಒಂದರ ಬದಲು ಮೂರು ಪ್ರತಿ ಇಡುವುದು, ಬೇರೆ ಬೇರೆ ಊರಲ್ಲಿಡುವುದು, ಸಂಖ್ಯೆ ತಾಳೆ ನೋಡುವುದು ಅವರ ದಿನಚರಿ. ಧ್ವನಿಭಂಡಾರಕ್ಕೆ ಬೇಕಾದ ವಿದ್ಯೆಯೂ ಇದೇ. ಆ ವಿದ್ಯೆ ಅವರದೇ ಊರುಗಳ ದನಿಯನ್ನು ಇನ್ನೂ ಸರಿಯಾಗಿ ತಲುಪಿಲ್ಲ ಎಂಬುದು ಖೇದದ ಸಂಗತಿ.

ಆ ದನಿಯೆಂದರೆ ಮುಖ್ಯವಾಗಿ ತತ್ವಪದ. ಕಡಕೋಳ ಮಡಿವಾಳಪ್ಪನವರಂಥವರ ಪದಗಳನ್ನು ಕಲ್ಯಾಣ ಕರ್ನಾಟಕದ ಭಜನಾ ಮಂಡಳಿಗಳು ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ಹಾಡುತ್ತವೆ; ಮೊಹರಮ್ಮಿನಲ್ಲಿ ಹಿಂದೂ ಮುಸ್ಲಿಮರೆನ್ನದೆ ಊರೇ ಕೂಡಿ ರಿವಾಯತ ಹಾಡುತ್ತದೆ. ತತ್ವಪದಗಳ ಪಠ್ಯ ಈಚೆಗೆ ಹಲವು ಸಂಪುಟಗಳಲ್ಲಿ ಅಚ್ಚಾಗಿದೆ. ಪುಟದ ಮೇಲೆ ಅವು ಒಗಟಿನಂತೆ ತೋರಿದರೆ ಆಶ್ಚರ್ಯವಿಲ್ಲ. ಪಲ್ಲವಿಯನ್ನು ಎಷ್ಟು ಸಲ ಮರಳಿಸಬೇಕು, ಯಾವ ಪದದ ಮೇಲೆ ಮೇಳ ಒಕ್ಕೊರಲಾಗಬೇಕು, ಎಲ್ಲಿ ಹಾಡು ನಿಲ್ಲಿಸಿ ಅರ್ಥ ಬಿಡಿಸಬೇಕು ಎಂಬುದರಲ್ಲೇ ಸಾಧನೆಯ ಗುಟ್ಟಿದೆ. ಅದು ಉಳಿದಿರುವುದು ಹಾಡುವವರ ಮೈಯಲ್ಲಿ, ಮತ್ತು ಮನೆಮನೆಯ ಕಪಾಟಿನಲ್ಲಿ ದೂಳು ತಿನ್ನುತ್ತಿರುವ ಕ್ಯಾಸೆಟ್ಟುಗಳಲ್ಲಿ.

ಮುದ್ರಿತವಾದ ಪವಿತ್ರ ದನಿಗೆ ಪವಿತ್ರತೆ ಉಳಿಯುತ್ತದೆಯೇ? ಕರ್ಮಕಾಂಡದ ಲೆಕ್ಕದಲ್ಲಿ ಮಂತ್ರಕ್ಕೆ ಅಧಿಕಾರವುಳ್ಳ ಕರ್ತೃ ಬೇಕು, ಸಂಕಲ್ಪ ಬೇಕು; ಯಂತ್ರಕ್ಕೆ ಎರಡೂ ಇಲ್ಲ. ಭಕ್ತಿಯ ಲೆಕ್ಕ ಬೇರೆ. ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ತಟ್ಟೆ 1960ರ ದಶಕದಲ್ಲಿ ಹೊರಬಂದ ಮೇಲೆ ದಕ್ಷಿಣದ ಅಸಂಖ್ಯ ಮನೆ ಗುಡಿಗಳ ಬೆಳಗು ಆ ದನಿಯಿಂದಲೇ ಆಗುತ್ತಿದೆ. ಕೈರೋದಲ್ಲಿ 1961ರಲ್ಲಿ ಮಹಮೂದ್ ಖಲೀಲ್ ಅಲ್ ಹುಸರಿ ಅವರ ಕಂಠದಲ್ಲಿ ಕುರಾನಿನ ಸಂಪೂರ್ಣ ಪಠಣ ಮುದ್ರಿತವಾಯಿತು. ಶುದ್ಧ ಪಠಣವನ್ನು ದನಿಯಲ್ಲೇ ಕಾಯುವುದು ಅದರ ಗುರಿ. ಹೀಗಿದ್ದೂ ಮುದ್ರಿತ ಆಜಾನ್ ಜೀವಂತ ಮುಅಜ್ಜಿನನ ಕರೆಗೆ ಬದಲಿಯಾಗದೆಂದು ಅನೇಕ ಧರ್ಮಪಂಡಿತರು ಹೇಳುತ್ತಾರೆ. ಕೇಳುವುದಕ್ಕೆ, ಕಲಿಯುವುದಕ್ಕೆ ಮುದ್ರಿಕೆ ಸಾಕು. ವಿಧಿ ನೆರವೇರಲು ಮನುಷ್ಯ ಬೇಕು. ಎರಡು ಧರ್ಮಗಳೂ ಬೇರೆ ಬೇರೆ ದಾರಿಯಿಂದ ಮುಟ್ಟಿದ ಈ ಭೇದ ಸರಿಯಾದದ್ದೇ.

ತುಳುನಾಡಿನಲ್ಲಿ ಪ್ರಶ್ನೆ ಇನ್ನೂ ತೊಡಕಿನದು. ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಸಿರಿ ಎಂಬ ದೈವದ ಕಥೆಯಾದ ಸಿರಿ ಪಾಡ್ದನವನ್ನು ಹಾಡಿದರು. ಫಿನ್ಲೆಂಡಿನ ಲೌರಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮುಂತಾದವರ ತಂಡ ಅದನ್ನು ಮುದ್ರಿಸಿಕೊಂಡಿತು. 1998ರಲ್ಲಿ ಪ್ರಕಟವಾದಾಗ ಅದು 15,683 ಸಾಲಿನ ಮಹಾಕಾವ್ಯ. ಸಿರಿ ಜಾತ್ರೆಯಲ್ಲಿ ಇಷ್ಟುದ್ದದ ಕಾವ್ಯವನ್ನು ಯಾರೂ ಹಾಡುವುದಿಲ್ಲ. ಅಲ್ಲಿ ಸಿರಿ ಮೈದುಂಬಿದ ಹೆಂಗಸರೊಂದಿಗೆ ಕಥೆ ತುಣುಕುತುಣುಕಾಗಿ ಸಂವಾದವಾಗುತ್ತದೆ. ಪೂರ್ಣ ಕಾವ್ಯ ಗಾಯಕನ ಮನಸ್ಸಿನಲ್ಲಿತ್ತು. ಕೇಳುವ ಕಿವಿ ಮತ್ತು ಯಂತ್ರ ಎದುರಿಗಿದ್ದುದರಿಂದ ಅದು ಹೊರಬಂತು. ಇದ್ದದ್ದನ್ನು ಪ್ರಕಟಿಸಿದ್ದೇ, ಇಲ್ಲದ್ದನ್ನು ಹುಟ್ಟಿಸಿದ್ದೇ ಎಂಬ ಹಳೆಯ ಜಗಳ ಇಲ್ಲಿಯೂ ಹಾಜರಿದೆ. ಹಾಗೆಯೇ ನೇಮವೆಂಬ ದೈವಾರಾಧನೆಯಲ್ಲಿ ದೈವ ನುಡಿಯುವ ನುಡಿ ಆ ಊರಿನ ಆ ಗುತ್ತಿನ ಮನೆತನದ ಜನರಿಗೆ, ಆ ಇರುಳಿಗೆ ಕೊಟ್ಟ ಮಾತು. ಅದನ್ನು ಫೋನಿನಲ್ಲಿ ಹೊತ್ತುಗೊತ್ತಿಲ್ಲದೆ ನುಡಿಸುವುದು ಊರವರಿಗೆ ಅಪಚಾರವಾಗಿ ಕಂಡರೆ ಅದನ್ನು ಮೌಢ್ಯವೆಂದು ತಳ್ಳಿಹಾಕುವಂತಿಲ್ಲ.

ಮುದ್ರಣವನ್ನೇ ಪ್ರಶ್ನಿಸುವ ವಾದವೂ ಇದೆ. ಅಲ್ಲಮನ ದಾರಿಯಲ್ಲಿ ನುಡಿಯ ಕೊನೆ ಬಯಲು; ಅಳಿಯುವುದನ್ನು ಅಳಿಯಗೊಡದೆ ಹಿಡಿದಿಡುವುದು ಮೋಹವಲ್ಲವೇ? ವಾದ ಹಗುರಾದದ್ದಲ್ಲ. ಆದರೆ ಅಲ್ಲಮ ಬಯಲಾದ ಮೇಲೆ ಅವನ ಸಂವಾದಗಳನ್ನು ಕೂಡಿಸಿ ಶೂನ್ಯಸಂಪಾದನೆ ಕಟ್ಟಿದವರು ಅವನ ಭಕ್ತರೇ. ಬುದ್ಧನ ಪರಿನಿರ್ವಾಣವಾದೊಡನೆ ಭಿಕ್ಷುಗಳು ರಾಜಗೃಹದಲ್ಲಿ ಸೇರಿ ಅವನ ಮಾತುಗಳನ್ನು ಒಕ್ಕೊರಲಿನಿಂದ ಪಠಿಸಿದರೆಂದು ಪರಂಪರೆ ಹೇಳುತ್ತದೆ. ಸಕಲವೂ ಅನಿತ್ಯ ಎಂಬ ಬೋಧೆಯನ್ನೇ ಅವರು ಹಾಗೆ ಕಾಯ್ದರು. ಬಿಡುವುದು ನುಡಿದವನ ಧರ್ಮ, ನೆನೆಯುವುದು ಕೇಳಿದವನ ಋಣ. ಧ್ವನಿಭಂಡಾರ ನಿಲ್ಲುವುದು ಕೇಳಿದವನ ಕಡೆಗೆ.

ಋಣವೆಂದ ಮೇಲೆ ಹಿಂದಿರುಗಿಸುವ ಮಾತು ಬರುತ್ತದೆ. ನೆದರ್ಲೆಂಡಿನ ಆರ್ನಲ್ಡ್ ಬಾಕೆ 1938ರಲ್ಲಿ ತಮಿಳುನಾಡು, ಕೇರಳ ಮತ್ತು ಕರ್ನಾಟಕದಲ್ಲಿ ಓಡಾಡಿ ಹಾಡು, ಆರಾಧನೆಗಳನ್ನು ಮುದ್ರಿಸಿದ್ದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಆಮಿ ಕ್ಯಾಟ್ಲಿನ್ ಅದೇ ಜಾಗಗಳಿಗೆ ಹೋಗಿ ಹಳೆಯ ದನಿಯನ್ನು ಆ ಊರುಗಳಿಗೇ ಕೇಳಿಸಿ, ಏನು ಉಳಿದಿದೆ, ಏನು ಬದಲಾಗಿದೆ ಎಂದು ದಾಖಲಿಸಿದರು. ಹೊರದೇಶದ ವಿದ್ವಾಂಸರು ಒಯ್ದ ಮುದ್ರಿಕೆಗಳ ಪ್ರತಿ ಭಾರತದಲ್ಲೂ ಇರಬೇಕೆಂದು 1982ರಲ್ಲಿ ಜೈರಾಜ್‌ಭಾಯ್ ಅವರ ಮುಂದಾಳ್ತನದಲ್ಲಿ ಹುಟ್ಟಿದ ಜನಾಂಗ ಸಂಗೀತದ ಸಂಗ್ರಹಾಲಯ ಈಗ ಗುರುಗ್ರಾಮದಲ್ಲಿದೆ. ಉಡುಪಿಯಲ್ಲಿ ಕು.ಶಿ. ಹರಿದಾಸ ಭಟ್ಟರು ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಬೆಳೆಸಿದ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಕರಾವಳಿಯ ಮಟ್ಟಿಗೆ ಇಂಥದೇ ಕೆಲಸ ಮಾಡಿತು.

ಕಾನೂನು ಈ ಋಣವನ್ನು ಅರ್ಧ ಮಾತ್ರ ಬಲ್ಲದು. 1957ರ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಧ್ವನಿಮುದ್ರಿಕೆಯ ಕರ್ತೃ ಎಂದರೆ ಅದರ ನಿರ್ಮಾಪಕ. ಪ್ರಕಟವಾದ ಮೇಲೆ 60 ವರ್ಷ ಹಕ್ಕು ಅವನದು. ಹಾಡಿದವರಿಗೆ ಪ್ರತ್ಯೇಕ ಹಕ್ಕು ಸಿಕ್ಕಿದ್ದು 1994ರ ತಿದ್ದುಪಡಿಯಿಂದ, ಹಾಡಿದ್ದನ್ನು ವಿರೂಪಗೊಳಿಸದಂತೆ ತಡೆಯುವ ನೈತಿಕ ಹಕ್ಕು 2012ರಲ್ಲಿ. ಪೀಳಿಗೆಗಳು ಕೂಡಿ ಕಟ್ಟಿದ ಪಾಡ್ದನಕ್ಕೆ ಸಮುದಾಯವೇ ಒಡೆಯ ಎನ್ನಲು ಅಲ್ಲಿ ಜಾಗವಿಲ್ಲ. ಗುಡಿಯ ದೇವರು ಆಸ್ತಿ ಹೊಂದಬಲ್ಲ ವ್ಯಕ್ತಿಯೆಂದು ಒಪ್ಪುವ ನ್ಯಾಯಪದ್ಧತಿಯಲ್ಲೂ ದೈವದ ನುಡಿ ಯಾರದೆಂಬುದಕ್ಕೆ ಉತ್ತರವಿಲ್ಲ. ಹೀಗಾಗಿ ಸಂಗ್ರಹಾಲಯಗಳು ಕೇಳುವಿಕೆಗೆ ತಾವೇ ಮೆಟ್ಟಿಲು ಹಾಕಿಕೊಳ್ಳಬೇಕಾಗುತ್ತದೆ. ಕೆಲವು ಮುದ್ರಿಕೆ ಎಲ್ಲರಿಗೂ ತೆರೆದದ್ದು, ಕೆಲವು ಕೇಂದ್ರಕ್ಕೆ ಬಂದು ಕೇಳಬೇಕಾದದ್ದು, ಇನ್ನು ಕೆಲವು ಸಮುದಾಯದ ಒಪ್ಪಿಗೆಯಿದ್ದರೆ ಮಾತ್ರ ದೊರೆಯುವಂಥದು. ಬಚ್ಚಿಡುವ ನೆವದಲ್ಲಿ ಜಾತಿ, ಲಿಂಗಗಳ ಹಳೆಯ ಬೇಲಿ ಮರಳಿ ಏಳಬಾರದು. ವೇದದ ದನಿಯನ್ನು ಅಷ್ಟು ಚೆನ್ನಾಗಿ ಕಾಯ್ದ ಪರಂಪರೆಯೇ ಅದನ್ನು ಬಹುಜನರ ಕಿವಿಗೆ ನಿಷೇಧಿಸಿತ್ತು. ಯಾವುದು ಬೇಲಿ, ಯಾವುದು ಮರ್ಯಾದೆ ಎಂಬುದನ್ನು ಒಂದೊಂದು ಮುದ್ರಿಕೆಗೂ ಹಾಡಿದವರನ್ನೇ ಕೇಳಿ ಗೊತ್ತುಮಾಡಬೇಕು. ಹಾಡಿದವರ ಹೆಸರು, ಊರು, ಯಾವ ಸಂದರ್ಭ, ಯಾರ ಅನುಮತಿ, ಯಾವ ಹೊತ್ತಿನಲ್ಲಿ ನುಡಿಸಬಾರದು ಎಂಬ ವಿವರಗಳನ್ನು ಕಡತದ ಜೊತೆಗೇ ಬರೆದು ಪ್ರತಿ ನಕಲಿನಲ್ಲೂ ಮುಂದಕ್ಕೆ ದಾಟಿಸಬೇಕು.